ತಾಳವೆಷ್ಟು, ಅಕ್ಷರವೆಷ್ಟು? ಗಣಕಯಂತ್ರದ ವೇಗದ ಲೆಕ್ಕ

ಮನೆಯಲ್ಲಿ ಹಳೆಯ ರೇಡಿಯೋ ಪೆಟ್ಟಿಗೆ ಇದ್ದರೆ ಅದರ ಮುಖದ ಮೇಲಿನ ಗಾಜಿನ ಪಟ್ಟಿಯನ್ನು ಒಮ್ಮೆ ನೋಡಿರಿ. ಮುಳ್ಳು ಹರಿದಾಡುವ ಆ ದಾರಿಯ ಉದ್ದಕ್ಕೂ ಅಂಕಿಗಳಿವೆ. ಹಿಂದೆ ಅವುಗಳ ಪಕ್ಕದಲ್ಲಿ ಕಿಲೋಸೈಕಲ್, ಮೆಗಾಸೈಕಲ್ ಎಂದು ಬರೆಯುತ್ತಿದ್ದರು. ೧೯೬೦ ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು ಜರ್ಮನಿಯ ವಿಜ್ಞಾನಿ ಹರ್ಟ್ಸ್‌ನ ಹೆಸರನ್ನು ಈ ಮಾನಕ್ಕೆ ಒಪ್ಪಿಕೊಂಡ ಮೇಲೆ ಅದೇ ಕಿಲೋಹರ್ಟ್ಸ್, ಮೆಗಾಹರ್ಟ್ಸ್ ಆಯಿತು. ಸೆಕೆಂಡಿಗೆ ಒಂದು ಸಲ ಏರಿ ಇಳಿದರೆ ಒಂದು ಹರ್ಟ್ಸ್. ಈಗ ಗಣಕಯಂತ್ರದ ಅಂಗಡಿಗೆ ಹೋದರೆ ಮಾರುವವನು ಮೊದಲು ಹೇಳುವ ಗಿಗಾಹರ್ಟ್ಸ್ ಎಂಬ ಮಾತೂ ಇದೇ ವಂಶದ್ದು. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಸ್ಪಂದನ.

ರೇಡಿಯೋ ಕೇಳುವವರಿಗೆ ಈ ಯಂತ್ರದ ಚರಿತ್ರೆಯನ್ನು ಅವರ ಪಟ್ಟಿಯ ಮೇಲೆಯೇ ತೋರಿಸಬಹುದು. ೧೯೭೧ ರಲ್ಲಿ ಇಂಟೆಲ್ ಕಂಪನಿಯು ಹೊರತಂದ ೪೦೦೪ ಎಂಬ ಸಿಲಿಕಾನ್ ಬಿಲ್ಲೆ ಹೆಚ್ಚೆಂದರೆ ೭೪೦ ಕಿಲೋಹರ್ಟ್ಸ್ ವೇಗದಲ್ಲಿ ಮಿಡಿಯುತ್ತಿತ್ತು. ಇದು ಮೀಡಿಯಂ ವೇವಿನ ಪಟ್ಟಿ. ೧೯೮೧ ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನದು ೪.೭೭ ಮೆಗಾಹರ್ಟ್ಸ್, ಇದು ಷಾರ್ಟ್ ವೇವಿನ ಅರುವತ್ತು ಮೀಟರ್ ಪಟ್ಟಿ. ೧೯೯೪ ರ ಒಂದು ಪೆಂಟಿಯಂ ೧೦೦ ಮೆಗಾಹರ್ಟ್ಸ್ ಮುಟ್ಟಿ ಎಫ್‌ಎಂ ಪಟ್ಟಿಯೊಳಕ್ಕೆ ಬಂದಿತು. ಅಲ್ಲಿಂದ ಮುಂದೆ ಮುಳ್ಳು ಪಟ್ಟಿಯನ್ನೇ ದಾಟಿಹೋಯಿತು. ಇದು ಬರಿಯ ಹೋಲಿಕೆಯಲ್ಲ. ೧೯೭೫ ರಲ್ಲಿ ಕ್ಯಾಲಿಫೋರ್ನಿಯದ ಹವ್ಯಾಸಿಗಳ ಕೂಟವೊಂದರಲ್ಲಿ ಸ್ಟೀವ್ ಡಾಂಪಿಯರ್ ಎಂಬವರು ಆಲ್ಟೇರ್ ಯಂತ್ರದ ಬಳಿ ಒಂದು ರೇಡಿಯೋ ಇಟ್ಟು, ಯಂತ್ರ ಲೆಕ್ಕ ಮಾಡುವಾಗ ಹೊರಸೂಸುವ ಗೊರಗೊರ ಸದ್ದನ್ನೇ ಪಳಗಿಸಿ ಬೀಟಲ್ಸ್ ಬಳಗದ ಹಾಡೊಂದನ್ನು ಕೇಳಿಸಿದರು.

ಅಂಕಿ ಹೆಚ್ಚಿದಷ್ಟೂ ಯಂತ್ರ ಚುರುಕು ಎಂದು ನಂಬುವುದು ಸಹಜವೇ. ಬಹುಕಾಲ ಅದು ನಿಜವೂ ಆಗಿತ್ತು. ಈಗ ಹಾಗಿಲ್ಲ. ಮಗಳ ಕಾಲೇಜಿಗೆಂದು ಒಂದೆರಡು ತಿಂಗಳ ಸಂಬಳವನ್ನು ತೆಗೆದಿಟ್ಟು ಅಂಗಡಿಗೆ ಹೋಗುವ ಗೃಹಸ್ಥನಿಗೆ ಆ ಒಂದೇ ಅಂಕಿಯನ್ನು ತೋರಿಸಿ ಹಳೆಯ ಸರಕನ್ನು ಹೊಸದೆಂದು ಕೊಡುವುದು ಸಾಧ್ಯವಾಗಿದೆ. ಆದುದರಿಂದ ಈ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಸಂಗೀತದ ಪಾಠವನ್ನು ನೆನೆಯಿರಿ. ಸರಳೆಯನ್ನು ಮೊದಲನೆಯ ಕಾಲದಲ್ಲಿ ಹಾಡಿ, ಅನಂತರ ಎರಡನೆಯ ಕಾಲದಲ್ಲಿ ಹಾಡುವಾಗ ತಾಳ ಹಾಕುವ ಕೈ ಬೇಗ ಆಡುವುದಿಲ್ಲ. ಆ ಕೈ ಅದೇ ನಡೆಯಲ್ಲಿ ಇರುತ್ತದೆ. ಒಂದೊಂದು ಎಣಿಕೆಯಲ್ಲಿ ಒಂದು ಸ್ವರವಿದ್ದಲ್ಲಿ ಎರಡು ಸ್ವರ ಕೂಡುತ್ತವೆ, ಅಷ್ಟೆ. ಹಾಡು ಎಷ್ಟು ಬೇಗ ಮುಗಿಯಿತೆಂಬುದು ತಾಳದ ನಡೆ ಮತ್ತು ಎಣಿಕೆಗೆ ಎಷ್ಟು ಸ್ವರ ಎಂಬ ಎರಡರ ಗುಣಲಬ್ಧ. ಗಣಕದ ಗಿಗಾಹರ್ಟ್ಸ್ ತಾಳದ ನಡೆಯನ್ನು ಮಾತ್ರ ಹೇಳುತ್ತದೆ. ಒಂದು ಮಿಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂಬುದು ಬಿಲ್ಲೆಯ ಒಳಗಿನ ವಿನ್ಯಾಸವನ್ನು ಅವಲಂಬಿಸಿದೆ. ಅದನ್ನು ಡಬ್ಬದ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ.

ತಾಳವನ್ನು ಮಾತ್ರ ಓಡಿಸಿದರೆ ಏನಾಗುವುದೆಂಬುದಕ್ಕೆ ಇಂಟೆಲ್ಲಿನ ಪೆಂಟಿಯಂ ೪ ರ ಕಥೆಯೇ ದೃಷ್ಟಾಂತ. ೨೦೦೦ ದ ಮಾರ್ಚಿಯಲ್ಲಿ ಅದರ ಪ್ರತಿಸ್ಪರ್ಧಿಯಾದ ಎಎಂಡಿ ಕಂಪನಿ ಒಂದು ಗಿಗಾಹರ್ಟ್ಸಿನ ಗೆರೆಯನ್ನು ಮೊದಲು ಮುಟ್ಟಿತು. ಎರಡೇ ದಿನಗಳಲ್ಲಿ ಇಂಟೆಲ್ಲೂ ಮುಟ್ಟಿತು. ಅದೇ ನವೆಂಬರಿನಲ್ಲಿ ಇಂಟೆಲ್ ಹೊಸ ಪೆಂಟಿಯಂ ೪ ನ್ನು ೧.೪ ಮತ್ತು ೧.೫ ಗಿಗಾಹರ್ಟ್ಸಿನಲ್ಲಿ ತಂದಿತು. ಅಂಕಿ ನೆಗೆಯಿತು, ಆದರೆ ಕೆಲವು ಕೆಲಸಗಳಲ್ಲಿ ಒಂದು ಗಿಗಾಹರ್ಟ್ಸಿನ ಹಳೆಯ ಪೆಂಟಿಯಂ ೩ ಇದನ್ನು ಹಿಂದೆ ಹಾಕುತ್ತಿತ್ತು!

ಇದಕ್ಕೆ ಕಾರಣವನ್ನು ಮದುವೆಮನೆಯ ಪಂಕ್ತಿಯಲ್ಲಿ ಕಾಣಬಹುದು. ಒಬ್ಬನೇ ಎಲ್ಲವನ್ನೂ ಬಡಿಸುತ್ತ ಹೋದರೆ ತಡ. ಆದುದರಿಂದ ಎಲೆ ಹಾಕುವವನ ಹಿಂದೆ ಉಪ್ಪಿನವನು, ಅವನ ಹಿಂದೆ ಕೋಸಂಬರಿ, ಪಲ್ಯ, ಅನ್ನ, ತೊವ್ವೆ ಎಂದು ಸಾಲಾಗಿ ನಡೆಯುತ್ತಾರೆ. ಒಬ್ಬೊಬ್ಬನ ಕೆಲಸ ಸಣ್ಣದಾದಷ್ಟೂ ಅವನ ಕೈ ಚುರುಕು. ಪೆಂಟಿಯಂ ೩ ರಲ್ಲಿ ಇಂತಹ ಹತ್ತು ಹಂತಗಳಿದ್ದುವು. ಪೆಂಟಿಯಂ ೪ ರಲ್ಲಿ ಅವನ್ನು ಇಪ್ಪತ್ತಕ್ಕೆ ಒಡೆದರು. ೨೦೦೪ ರ ಅವತರಣಿಕೆಯಲ್ಲಿ ಮೂವತ್ತೊಂದಕ್ಕೆ. ತಾಳವೇನೋ ಓಡಿತು. ಆದರೆ ಬಿಲ್ಲೆಯು ಮುಂದಿನ ಕೆಲಸ ಯಾವುದೆಂದು ಎಷ್ಟೋ ಸಲ ಊಹಿಸಿಯೇ ಮುಂದುವರಿಯಬೇಕು. ಮುಂದಿನ ಪಂಕ್ತಿಗೆ ಊಟದವರೆಂದು ಊಹಿಸಿ ಅರ್ಧ ಬಡಿಸಿದ ಮೇಲೆ ಬಂದವರೆಲ್ಲ ಏಕಾದಶಿಯ ಫಲಾಹಾರದವರೆಂದು ತಿಳಿದರೆ ಎಲೆಗಳನ್ನೆಲ್ಲ ಎತ್ತಿ ಮೊದಲಿನಿಂದ ಆರಂಭಿಸಬೇಕಲ್ಲವೆ? ಸಾಲು ಉದ್ದವಾದಷ್ಟೂ ಎತ್ತಬೇಕಾದ ಎಲೆ ಹೆಚ್ಚು.

ಎಎಂಡಿಯವರ ಬಿಲ್ಲೆ ಕಡಿಮೆ ತಾಳದಲ್ಲಿ ಹೆಚ್ಚು ಸ್ವರ ಹಾಡುತ್ತಿತ್ತು. ಕೊಳ್ಳುವವರು ನೋಡುವುದು ಅಂಕಿಯನ್ನೇ. ಆದುದರಿಂದ ೨೦೦೧ ರಲ್ಲಿ ಅವರು ೧.೫೩ ಗಿಗಾಹರ್ಟ್ಸಿನ ಬಿಲ್ಲೆಗೆ ‘೧೮೦೦+’ ಎಂದು ಹೆಸರಿಟ್ಟರು. ಇದು ಮೋಸವೆಂದು ಕೆಲವರು, ನ್ಯಾಯವೆಂದು ಕೆಲವರು ಹವ್ಯಾಸಿಗಳ ಪತ್ರಿಕೆಗಳಲ್ಲಿ ಜಗಳವಾಡಿದರು. ಕೆಲಸದ ಅಳತೆಯಲ್ಲಿ ಆ ಹೆಸರು ಅತಿಶಯೋಕ್ತಿಯಾಗಿರಲಿಲ್ಲ ಎಂದು ನನ್ನ ಅಭಿಪ್ರಾಯ. ಆದರೂ ಹೆಸರಿನಲ್ಲಿ ಲೆಕ್ಕವನ್ನು ಬಚ್ಚಿಡುವ ಚಾಳಿ ಅಲ್ಲಿಂದ ಬೆಳೆಯಿತು.

ಪೆಂಟಿಯಂ ೪ ನ್ನು ಕೊನೆಗೆ ತಡೆದದ್ದು ಪ್ರತಿಸ್ಪರ್ಧಿಯಲ್ಲ, ಶಾಖ. ಬಿಲ್ಲೆಯಲ್ಲಿ ಹುಟ್ಟುವ ಶಾಖವು ತಾಳದ ವೇಗದೊಂದಿಗೆ ನೇರವಾಗಿಯೂ, ವಿದ್ಯುತ್ತಿನ ಒತ್ತಡದ, ಎಂದರೆ ವೋಲ್ಟೇಜಿನ, ವರ್ಗದೊಂದಿಗೂ ಏರುತ್ತದೆ. ವೇಗವನ್ನು ಹೆಚ್ಚಿಸಬೇಕಾದರೆ ಒತ್ತಡವನ್ನೂ ತುಸು ಹೆಚ್ಚಿಸಬೇಕಾಗುತ್ತದೆ. ಉದಾಹರಣೆಗೆ ವೇಗ ನೂರಕ್ಕೆ ಇಪ್ಪತ್ತು, ಒತ್ತಡ ನೂರಕ್ಕೆ ಹತ್ತು ಏರಿತೆನ್ನಿ: ೧.೨ ನ್ನು ೧.೧ ರ ವರ್ಗದಿಂದ ಗುಣಿಸಿದರೆ ೧.೪೫. ಇಪ್ಪತ್ತರ ಲಾಭಕ್ಕೆ ನಲವತ್ತೈದರ ಶಾಖ! ಇದು ಹಿಂದೆ ಕಾಡಲಿಲ್ಲವೇಕೆ? ಟ್ರಾನ್ಸಿಸ್ಟರುಗಳನ್ನು ಚಿಕ್ಕದು ಮಾಡಿದಂತೆಲ್ಲ ಒತ್ತಡವನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು, ಆಗ ಚದರ ಅಂಗುಲಕ್ಕೆ ಹುಟ್ಟುವ ಶಾಖ ಏರುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ೧೯೭೪ ರಲ್ಲಿ ತೋರಿಸಿಕೊಟ್ಟಿದ್ದರು. ಸುಮಾರು ಮೂವತ್ತು ವರ್ಷ ಈ ಸೂತ್ರ ಕಾಮಧೇನುವಿನಂತೆ ಕರೆಯಿತು. ಆದರೆ ಟ್ರಾನ್ಸಿಸ್ಟರು ತೀರ ಸಣ್ಣದಾದಾಗ, ತಿರುಗಣೆ ಸವೆದ ನಲ್ಲಿಯಂತೆ, ಮುಚ್ಚಿದಾಗಲೂ ವಿದ್ಯುತ್ತು ಸೋರತೊಡಗಿತು. ಒತ್ತಡವನ್ನು ಇನ್ನೂ ಇಳಿಸಹೊರಟರೆ ಈ ಸೋರಿಕೆ ಹೆಚ್ಚುತ್ತದೆ. ಅಲ್ಲಿಗೆ ಇಳಿಸುವುದು ನಿಂತಿತು.

೨೦೦೪ ರಲ್ಲಿ ಪೆಂಟಿಯಂ ೪ ರ ಬಿಲ್ಲೆಯೊಂದು ೧೧೫ ವಾಟ್ ಶಾಖಕ್ಕೆ ಏರಿತ್ತು. ವರ್ಷದ ಕೊನೆಯಲ್ಲಿ ೩.೮ ಗಿಗಾಹರ್ಟ್ಸಿಗೆ ಬಂದು ನಿಂತಿತು. ಸಾರಿದ್ದ ೪ ಗಿಗಾಹರ್ಟ್ಸಿನ ಬಿಲ್ಲೆಯನ್ನು ಇಂಟೆಲ್ ಅಕ್ಟೋಬರಿನಲ್ಲಿ ಕೈಬಿಟ್ಟಿತು. ಅದರ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ಒಂದು ಸಭೆಯ ವೇದಿಕೆಯ ಮೇಲೆ ವಿನೋದಕ್ಕೆ ಮಂಡಿಯೂರಿ ಕ್ಷಮೆ ಕೇಳಿದರು. ಎರಡು ವರ್ಷಗಳ ಅನಂತರ ೨೦೦೬ ರಲ್ಲಿ ಬಂದ ಕೋರ್ ೨ ಡ್ಯುಯೋ ಎಂಬುದು ಇಸ್ರೇಲಿನ ಹೈಫಾ ನಗರದ ತಂಡ ಲ್ಯಾಪ್‌ಟಾಪುಗಳಿಗೆಂದು ಮಿತವ್ಯಯದಲ್ಲಿ ರೂಪಿಸಿದ್ದ ವಿನ್ಯಾಸದ ವಂಶದ್ದು. ಅದರಲ್ಲಿ ೨.೪ ಗಿಗಾಹರ್ಟ್ಸಿನ ಒಂದು ಬಿಲ್ಲೆ ೬೫ ವಾಟಿನಲ್ಲಿಯೇ ೩.೮ ರ ಪೆಂಟಿಯಂ ೪ ನ್ನು ಸೋಲಿಸಿತು. ಅಂಕಿ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಇಳಿಯಿತು, ಕೆಲಸ ಏರಿತು. ಆ ಕಾಲದಿಂದೀಚೆಗೆ ಒಂದೇ ಬಿಲ್ಲೆಯಲ್ಲಿ ಎರಡು, ನಾಲ್ಕು, ಎಂಟು ಗಾಯಕರನ್ನು, ಕೋರ್‌ಗಳೆಂದು ಕರೆದು, ಕೂರಿಸುವುದೂ ರೂಢಿಯಾಯಿತು. ಒಂದು ಪಲ್ಲವಿಯನ್ನು ಇಬ್ಬರು ಕೂಡಿ ಹಾಡಿದರೆ ಅರ್ಧ ಹೊತ್ತಿನಲ್ಲಿ ಮುಗಿಯುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು; ಹಂಚಬಹುದಾದ ಕೆಲಸಕ್ಕೆ ಮಾತ್ರ ಹೆಚ್ಚಿನ ಕೋರ್ ಪ್ರಯೋಜನ.

ಇಲ್ಲಿ ಹವ್ಯಾಸಿಗಳ ವಿಷಯ ಎರಡು ಮಾತು. ಬಿಲ್ಲೆಯನ್ನು ಕಂಪನಿ ಹೇಳಿದ ತಾಳಕ್ಕಿಂತ ಬೇಗ ಓಡಿಸುವುದು ಅವರ ಆಟ. ೧೯೯೮ ರಲ್ಲಿ ಬಂದ ಸೆಲೆರಾನ್ ೩೦೦ಎ ಎಂಬ ಅಗ್ಗದ ಬಿಲ್ಲೆಯನ್ನು ೩೦೦ ರಿಂದ ೪೫೦ ಮೆಗಾಹರ್ಟ್ಸಿಗೆ ಎಬ್ಬಿಸಿ, ದುಬಾರಿ ಬಿಲ್ಲೆಯ ಕೆಲಸ ತೆಗೆದವರ ಖುಷಿ ಇಂದಿಗೂ ಅವರ ಬಳಗದಲ್ಲಿ ಕಥೆಯಾಗಿದೆ. ೨೦೨೨ ರ ಡಿಸೆಂಬರಿನಲ್ಲಿ ದ್ರವ ಹೀಲಿಯಂ ಸುರಿದು ೯ ಗಿಗಾಹರ್ಟ್ಸ್ ದಾಟಿದವರೂ ಇದ್ದಾರೆ. ಇದು ಮನೆವಾರ್ತೆಗೆ ಬರುವ ವಿದ್ಯೆಯಲ್ಲ. ಆದರೂ ಈ ಜನರನ್ನು ಹುಚ್ಚರೆಂದು ತಳ್ಳಿಹಾಕುವುದು ಸರಿಯಲ್ಲವೆನ್ನಲು ಒಂದು ಕಾರಣವಿದೆ.

ಇಪ್ಪತ್ತು ವರ್ಷಗಳ ಮೇಲೆ ಅಂಕಿಯ ಓಟ ಮತ್ತೆ ಆರಂಭವಾಯಿತು. ೨೦೨೩ ರ ಜನವರಿಯಲ್ಲಿ ಇಂಟೆಲ್ಲಿನ ಬಿಲ್ಲೆಯೊಂದು ೬ ಗಿಗಾಹರ್ಟ್ಸ್ ಎಂದು ಸಾರಿಕೊಂಡು ಬಂದಿತು. ಅದೇ ಪೀಳಿಗೆಯ ದೊಡ್ಡ ಬಿಲ್ಲೆಗಳು ರಭಸದಲ್ಲಿ ೨೫೩ ವಾಟ್ ನುಂಗಬಲ್ಲುವು. ಮೂರು ಸೀಲಿಂಗ್ ಫ್ಯಾನುಗಳಿಗೆ ಸಾಲುವಷ್ಟು ವಿದ್ಯುತ್ತು ತೀರ ಪುಟ್ಟದೊಂದು ಬಿಲ್ಲೆಗೆ. ಸ್ವಲ್ಪ ಕಾಲದಲ್ಲಿಯೇ ಆಟಗಳು ನಡುವೆ ನಿಂತುಹೋಗುತ್ತವೆ, ಕಾರಣ ತಿಳಿಯದು ಎಂದು ದೂರುಗಳು ಬರತೊಡಗಿದುವು. ಆ ದೂರುಗಳನ್ನು ಕೂಡಿಸಿ, ಹೋಲಿಸಿ, ತಪ್ಪು ಆಟದ್ದಲ್ಲ, ಬಿಲ್ಲೆಯದು ಎಂದು ಬೊಟ್ಟು ಮಾಡಿದವರು ಬಳಕೆದಾರರು, ಹವ್ಯಾಸಿಗಳು ಮತ್ತು ಆಟ ತಯಾರಿಸುವವರು. ೨೦೨೪ ರಲ್ಲಿ ಇಂಟೆಲ್ ಕಾರಣವನ್ನು ಹೇಳಿತು: ೧೩ ಮತ್ತು ೧೪ ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಬಿಲ್ಲೆಗಳಲ್ಲಿ ಒತ್ತಡವೂ ಶಾಖವೂ ಮಿತಿಮೀರಿ, ತಾಳ ಹಾಕುವ ಮಂಡಲವೇ ಅಕಾಲದಲ್ಲಿ ಮುಪ್ಪಾಗುತ್ತಿತ್ತು. ಕಂಪನಿಯು ತಿದ್ದುಪಡಿಯನ್ನು ಹಂಚಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿಯು ಮುಂದಿನ ಸವೆತವನ್ನು ತಡೆಯುವುದೇ ಹೊರತು ಆಗಲೇ ಸವೆದದ್ದನ್ನು ಸರಿಮಾಡಲಾರದು.

ಇನ್ನು ಅಂಗಡಿಯ ವಿಷಯ. ಕರ್ಣಾಟಕ ಸಂಗೀತದ ಮೇಳಗಳ ಹೆಸರಿನಲ್ಲಿ ಸಂಖ್ಯೆ ಅಡಗಿರುವುದನ್ನು ತಾವು ಬಲ್ಲಿರಿ. ಮಾಯಾಮಾಳವಗೌಳದ ‘ಮಾ’ ಐದು, ‘ಯಾ’ ಒಂದು. ತಿರುವಿದರೆ ಹದಿನೈದನೆಯ ಮೇಳ. ಲ್ಯಾಪ್‌ಟಾಪಿನ ಹೆಸರಿನಲ್ಲಿಯೂ ಇಂತಹ ಕಟಪಯಾದಿಯೊಂದಿದೆ. ಎಎಂಡಿಯ ರೈಜೆನ್ ೫ ೭೫೨೦ಯು ಎಂಬುದನ್ನು ತೆಗೆದುಕೊಳ್ಳಿರಿ. ಮೊದಲ ಏಳು ೨೦೨೩ ರ ಸಾಲಿನ ಗುರುತು. ಗ್ರಾಹಕನ ಕಣ್ಣು ಅಲ್ಲಿಗೆ ನಿಲ್ಲುತ್ತದೆ. ವಿನ್ಯಾಸವನ್ನು ಹೇಳುವುದು ಮೂರನೆಯ ಅಂಕಿ. ಇಲ್ಲಿ ಅದು ಎರಡು, ಎಂದರೆ ಜೆನ್ ೨, ೨೦೧೯ ರ ವಿನ್ಯಾಸ. ೭೫೩೦ಯು ಎಂದಿದ್ದರೆ ಅದು ಮುಂದಿನ ಪೀಳಿಗೆ, ಜೆನ್ ೩. ವಿನೋದವೇನೆಂದರೆ ಸಾಮಾನ್ಯ ವೇಗದ ಅಂಕಿ ಹಳೆಯದರಲ್ಲಿ ೨.೮ ಗಿಗಾಹರ್ಟ್ಸ್, ಹೊಸದರಲ್ಲಿ ೨.೦! ನಾಲ್ಕು ಕೋರಿನ ಹಳೆಯದಕ್ಕಿಂತ ಆರು ಕೋರಿನ ಹೊಸದೇ ಹೆಚ್ಚು ಕೆಲಸಗಾರ. ಕೊನೆಯ ಅಕ್ಷರವನ್ನೂ ಬಿಡಬೇಡಿರಿ. ‘ಯು’ ಎಂದರೆ ಕಡಿಮೆ ವಿದ್ಯುತ್ತಿನದು, ‘ಎಚ್’ ಎಂದರೆ ಹೆಚ್ಚು ಬಲದ್ದು, ಹೆಚ್ಚು ಬಿಸಿಯದು. ಇಂಟೆಲ್ಲಿನವರೂ ಈ ಅಕ್ಷರಗಳನ್ನು ಹೀಗೆಯೇ ಬಳಸುತ್ತಾರೆ. ಹೆಸರಿಡುವ ಪದ್ಧತಿಯನ್ನು ಈ ಕಂಪನಿಗಳು ಆಗಾಗ ಬದಲಿಸುವುದರಿಂದ, ಕೊಳ್ಳುವ ಮುನ್ನ ಆ ಹೆಸರನ್ನು ಪೂರ್ತಿ ಬರೆದುಕೊಂಡು ಬಂದು, ವಿನ್ಯಾಸ ಯಾವ ವರ್ಷದ್ದೆಂದು ತಿಳಿದವರಲ್ಲಿ ವಿಚಾರಿಸುವುದು ಮೇಲು.

ಜಾಹೀರಾತಿನಲ್ಲಿ ೪.೩ ಗಿಗಾಹರ್ಟ್ಸ್ ‘ವರೆಗೆ’ ಎಂದಿರುತ್ತದೆ. ಈ ಪ್ರತ್ಯಯವನ್ನು ಗಮನಿಸಿರಿ. ಆ ವೇಗ ಎಷ್ಟೋ ಸಲ ಕೆಲವು ಕ್ಷಣಗಳದ್ದು. ಬಿಲ್ಲೆ ಕಾದ ಕೂಡಲೆ ಯಂತ್ರವು ತಾನಾಗಿಯೇ ತಾಳವನ್ನು ಇಳಿಸಿಕೊಳ್ಳುತ್ತದೆ. ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಅದು ಇನ್ನೂ ಬೇಗ ಇಳಿಯುತ್ತದೆ. ಹಾಸಿಗೆಯ ಮೇಲಿಟ್ಟು ಅಡಿಯ ಗಾಳಿಗಂಡಿಯನ್ನು ಮುಚ್ಚಿದರಂತೂ ಹೇಳಬೇಕಾದುದಿಲ್ಲ. ಪರೀಕ್ಷೆ ಕಷ್ಟವಲ್ಲ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿ ಆ ಕ್ಷಣದ ವೇಗ ಗಿಗಾಹರ್ಟ್ಸಿನಲ್ಲಿ ಕಾಣುತ್ತದೆ. ಯಂತ್ರಕ್ಕೆ ಏನಾದರೂ ಭಾರಿ ಕೆಲಸ ಕೊಟ್ಟು ಆ ಅಂಕಿಯನ್ನು ಬರೆದುಕೊಳ್ಳಿರಿ. ಕಾಲು ಗಂಟೆ ಬಿಟ್ಟು, ಅದೇ ಕೆಲಸ ನಡೆಯುತ್ತಿರುವಾಗಲೇ, ಮತ್ತೊಮ್ಮೆ ಬರೆದುಕೊಳ್ಳಿರಿ. ಎರಡು ಯಂತ್ರಗಳನ್ನು ಹೋಲಿಸುವುದಾದರೆ ಎರಡಕ್ಕೂ ಒಂದೇ ಕೆಲಸ ಕೊಟ್ಟು, ಯಾವುದು ಮೊದಲು ಮುಗಿಸಿತೆಂದು ಕೈಗಡಿಯಾರದಲ್ಲಿ ನೋಡಿಕೊಳ್ಳಿರಿ. ಇದಕ್ಕೆ ಅಂಗಡಿಯವನು ಒಪ್ಪದಿದ್ದರೆ ಪಕ್ಕದ ಅಂಗಡಿಯವನು ಒಪ್ಪಿಯಾನು.