ಪಥ್ಯದ ಅಡುಗೆ ಯಾರ ತಟ್ಟೆಗೆ?

ಆಯುರ್ವೇದದ ಅಡುಗೆ ಎಂದೊಡನೆ ಇಂದು ಬೆಂಗಳೂರಿಗರಿಗೆ ನೆನಪಾಗುವುದು ಸಿರಿಧಾನ್ಯದ ಪೊಟ್ಟಣ, ಗಾಣದ ಎಣ್ಣೆ, ದುಬಾರಿ ಕಷಾಯದ ಪುಡಿ. ಇದು ಉಳ್ಳವರ ಊಟ ಎಂಬ ಭಾವನೆ ಬಲವಾಗಿದೆ. ಆದರೆ ಪಥ್ಯದ ಅಡುಗೆಯ ಬಹುಪಾಲು ಈ ಸೀಮೆಯ ದುಡಿಯುವವರ ಒಲೆಯ ಮೇಲೆಯೇ ಬೆಂದದ್ದು. ಬಸ್ಸಾರನ್ನೇ ನೋಡಿ. ನೆನೆಸಿ ಮೊಳಕೆ ಬರಿಸಿದ ಹುರುಳಿಕಾಳನ್ನು ದಂಟಿನ ಸೊಪ್ಪಿನ ಜೊತೆ ಬೇಯಿಸಿ, ಕಟ್ಟನ್ನು ಬೇರೆ ಪಾತ್ರೆಗೆ ಬಸಿಯುತ್ತಾರೆ. ಬೆಂದ ಕಾಳಿನಲ್ಲಿ ಒಂದು ಹಿಡಿ ತೆಗೆದು, ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ಕಾಯಿತುರಿ, ಹುಣಸೆಹಣ್ಣಿನೊಂದಿಗೆ ರುಬ್ಬಿ ಕಟ್ಟಿಗೆ ಕದಡಿ ಕುದಿಸಿದರೆ ಸಾರು. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬೇಯಿಸಿದ ನೀರೂ ಸಾರವೂ ಚೆಲ್ಲಿಹೋಗುವುದಿಲ್ಲ. ಆಯುರ್ವೇದದ ಗ್ರಂಥಗಳು ಯೂಷ ಎಂದು ಕರೆದು, ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಹೇಳಿದ್ದು ಇಂಥ ಕಾಳಿನ ಕಟ್ಟನ್ನೇ.

ಚರಕ ಸಂಹಿತೆಯ ವಿಮಾನಸ್ಥಾನ ಆಹಾರವನ್ನು ಎಂಟು ನೆಲೆಗಳಿಂದ ತೂಗುತ್ತದೆ. ಪದಾರ್ಥದ ಸ್ವಭಾವ, ಅದಕ್ಕೆ ಕೊಡುವ ಸಂಸ್ಕಾರ, ಯಾವುದರ ಜೊತೆ ಏನು ಬೆರೆಯಬೇಕು ಎಂಬ ಸಂಯೋಗ, ಎಷ್ಟು ಉಣ್ಣಬೇಕು, ದೇಶ, ಕಾಲ, ಉಣ್ಣುವ ಕ್ರಮ, ಕೊನೆಗೆ ಉಣ್ಣುವ ವ್ಯಕ್ತಿ. ನನ್ನ ವಾದ ನಿಂತಿರುವುದು ಈ ಕೊನೆಯದರ ಮೇಲೆ. ಉಣ್ಣುವವರು ಯಾರು, ಅವರ ದುಡಿಮೆ ಎಂಥದು ಎಂದು ಕೇಳದ ಆಹಾರ ಸಲಹೆ ಆಯುರ್ವೇದದ ಲೆಕ್ಕದಲ್ಲೂ ಅರ್ಧವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 44.8 ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಶೇ 65.5. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಬೆಳಿಗ್ಗೆಯೇ ಹೊರಡುವ ಹೆಣ್ಣುಮಕ್ಕಳು ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು, ಊಟದ ಬೆನ್ನಿಗೇ ಟೀ ಕುಡಿದರೆ, ಆ ಟೀ ಅನ್ನದಲ್ಲಿದ್ದ ಅಷ್ಟಿಷ್ಟು ಕಬ್ಬಿಣಾಂಶವನ್ನೂ ಸರಿಯಾಗಿ ಮೈಗೆ ಹತ್ತಗೊಡುವುದಿಲ್ಲ. ಮೊಳಕೆ ಬರಿಸಿದಾಗ ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟಿರುವ ಫೈಟೇಟ್ ಕಡಿಮೆಯಾಗುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿದರೆ, ನೆಲ್ಲಿಕಾಯಿ ನಂಚಿಕೊಂಡರೆ ಹೀರಿಕೆ ಹೆಚ್ಚುತ್ತದೆ. ಸಂಸ್ಕಾರ, ಸಂಯೋಗ ಎಂದು ಹಳಬರು ಹೇಳಿದ್ದನ್ನು ಇಂದಿನ ಪೌಷ್ಟಿಕ ವಿಜ್ಞಾನ ತನ್ನದೇ ದಾರಿಯಲ್ಲಿ ಬಂದು ಒಪ್ಪುವ ಜಾಗ ಇದು. ಬಸ್ಸಾರಿನ ಜೊತೆ ಉಣ್ಣುವ ಮುದ್ದೆಯೂ ಕಡಿಮೆಯದಲ್ಲ: ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ.

ವಾತ, ಪಿತ್ತ, ಕಫವನ್ನು ಪ್ರಯೋಗಾಲಯದಲ್ಲಿ ಅಳೆಯಲಾಗದು, ಹಾಗಿದ್ದಮೇಲೆ ಆಯುರ್ವೇದವನ್ನು ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಬಸ್ಸಾರು ಉಣ್ಣಲು ಈ ತ್ರಿದೋಷದ ಮೇಲೆ ನಂಬಿಕೆ ಬೇಕಿಲ್ಲ. ತೀವ್ರ ರಕ್ತಹೀನತೆಗೆ ಕಬ್ಬಿಣದ ಮಾತ್ರೆಯೇ ಬೇಕು, ಸಕ್ಕರೆ ಕಾಯಿಲೆಯ ಔಷಧಿಯನ್ನು ಮೆಂತ್ಯದ ಹೆಸರಿನಲ್ಲಿ ನಿಲ್ಲಿಸಕೂಡದು. ಪಥ್ಯ ಔಷಧಿಯ ಪಕ್ಕದಲ್ಲಿರಬೇಕಾದದ್ದು. ಪಥ್ಯವೆಂದರೆ ಸಾತ್ವಿಕ, ಸಾತ್ವಿಕವೆಂದರೆ ಮೇಲ್ಜಾತಿಯ ಸಸ್ಯಾಹಾರ ಎಂಬ ಇನ್ನೊಂದು ಆಕ್ಷೇಪಕ್ಕೆ ಗ್ರಂಥವೇ ಉತ್ತರ ಕೊಡುತ್ತದೆ. ಚರಕದ ಅನ್ನಪಾನ ಅಧ್ಯಾಯದ ಹನ್ನೆರಡು ವರ್ಗಗಳಲ್ಲಿ ಮಾಂಸವರ್ಗ ಮೂರನೆಯದು. ಬಡವಾದ ಮೈಗೆ ಮಾಂಸರಸವನ್ನು, ಔಷಧಿಯಾಗಿ ಬೆಳ್ಳುಳ್ಳಿಯನ್ನು ಆಯುರ್ವೇದ ಸಂಕೋಚವಿಲ್ಲದೆ ಹೇಳಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲೂ ಮಾಂಸದಡುಗೆ ಧಾರಾಳವಾಗಿದೆ. ಹೀಗಿರುವಾಗ 2021ರಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಎದ್ದ ವಿರೋಧಕ್ಕೆ ಆಯುರ್ವೇದದ ಆಸರೆ ಸಿಗದು. ಹಸಿದ ಮಗುವಿನ ತಟ್ಟೆಯಿಂದ ಮೊಟ್ಟೆ ಕಸಿಯಲು ಈ ಶಾಸ್ತ್ರದ ಹೆಸರು ಬಳಸುವುದು ತಪ್ಪು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಮತ್ತೊಂದಿದೆ. ಕಾಳು ನೆನೆಸಬೇಕು, ಮೊಳಕೆ ಕಟ್ಟಬೇಕು, ಸೊಪ್ಪು ಸೋಸಬೇಕು, ಮುದ್ದೆ ತೊಳಸಬೇಕು. ಕಾರ್ಖಾನೆಯಲ್ಲಿ ದಿನವಿಡೀ ದುಡಿದು, ಕೆಂಗೇರಿಯಾಚೆ ಬಾಡಿಗೆ ಕೋಣೆಗೆ ಬಸ್ಸಿನಲ್ಲಿ ನಿಂತುಕೊಂಡು ಮರಳುವ ಹೆಂಗಸಿಗೆ ಇದನ್ನೆಲ್ಲ ಉಪದೇಶಿಸುವುದು ಅವಳ ಹೆಗಲಿಗೆ ಇನ್ನೊಂದು ಹೊರೆ ಏರಿಸಿದಂತೆ. ಅವಳಿಗೆ ತಿಳಿಯದ ಅಡುಗೆ ಇದಲ್ಲ, ಹೊತ್ತಿಲ್ಲ ಅಷ್ಟೆ. ಆದ್ದರಿಂದ ಪಥ್ಯದ ಅಡುಗೆ ಆರೋಗ್ಯದ ಅಸಮಾನತೆಗೆ ಉತ್ತರವಾಗಬೇಕಾದರೆ ಅದು ಸಾರ್ವಜನಿಕ ಅಡುಗೆಮನೆಗೆ ಬರಬೇಕು. ದೊಡ್ಡ ಪ್ರಮಾಣದಲ್ಲಿ ಇದು ಆಗದ ಕೆಲಸವೇನಲ್ಲ. 2000ದಲ್ಲಿ 1,500 ಮಕ್ಕಳಿಗೆ ಊಟ ಕೊಡುವ ಮೂಲಕ ಬೆಂಗಳೂರಿನಲ್ಲಿ ಶುರುವಾದ ಅಕ್ಷಯಪಾತ್ರೆ ಇಂದು ಲಕ್ಷಾಂತರ ಮಕ್ಕಳಿಗೆ ಬಡಿಸುತ್ತಿದೆ. ಈರುಳ್ಳಿ, ಬೆಳ್ಳುಳ್ಳಿ ಬಳಸದ ಅದರ ನಿಯಮವನ್ನು ಒಪ್ಪದಿದ್ದರೂ ಅದರ ವ್ಯವಸ್ಥೆಯಿಂದ ಕಲಿಯುವುದು ಬೇಕಾದಷ್ಟಿದೆ.

ಇಂಥ ಅಡುಗೆಮನೆಗೆ ಬೇಕಾದದ್ದೆಲ್ಲ ಪಶ್ಚಿಮ ಬೆಂಗಳೂರಿನಲ್ಲೇ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಕಾರ್ಮಿಕರು ಬರುವ ಇಎಸ್‌ಐ ಆಸ್ಪತ್ರೆ ರಾಜಾಜಿನಗರದಲ್ಲಿದೆ. ಶ್ರೀ ಕಾಲಭೈರವೇಶ್ವರ ಸ್ವಾಮಿ ಆಯುರ್ವೇದ ವೈದ್ಯಕೀಯ ಕಾಲೇಜು ವಿಜಯನಗರದಲ್ಲಿದೆ. 2017ರ ಆಗಸ್ಟ್ 16ರಂದು ಆರಂಭವಾದ ಇಂದಿರಾ ಕ್ಯಾಂಟೀನ್ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡುವ ಪದ್ಧತಿಯನ್ನು ನಗರಕ್ಕೆ ರೂಢಿ ಮಾಡಿಸಿದೆ. ಆಸ್ಪತ್ರೆಯ ಆಹಾರತಜ್ಞರೂ ಆಯುರ್ವೇದ ವೈದ್ಯರೂ ಕೂತು ಒಂದು ಪಟ್ಟಿ ಮಾಡಲಿ. ಮುದ್ದೆ, ಬಸ್ಸಾರು, ಬೇಸಿಗೆಗೆ ಅಂಬಲಿ, ಬೇಕೆಂದವರಿಗೆ ಮೊಟ್ಟೆ. ಪಾಲಿಕೆ ಅದನ್ನು ಗಾರ್ಮೆಂಟ್ಸ್ ಸಾಲಿನ ಕೆಲವು ಕ್ಯಾಂಟೀನ್‌ಗಳಲ್ಲಿ ವರ್ಷವಿಡೀ ಬಡಿಸಲಿ. ಒಪ್ಪಿ ಬಂದವರ ಹಿಮೋಗ್ಲೋಬಿನ್ ಅನ್ನು ಮೊದಲೊಮ್ಮೆ, ಕೊನೆಗೊಮ್ಮೆ ಅಳೆದು, ಬಂದ ಫಲಿತಾಂಶವನ್ನು ಮುಚ್ಚಿಡದೆ ಜನರ ಮುಂದಿಡಲಿ.