ಹಾಜರಿ ಪುಸ್ತಕದಲ್ಲಿ ಹೆಸರಿದೆಯೇ?

ಶಹಾಪುರ ತಾಲ್ಲೂಕಿನಲ್ಲಿ ಗೋಗಿ ಎಂಬ ಊರಿದೆ. ಯುರೇನಿಯಂ ಹುಡುಕಲು ಅಲ್ಲಿ ನೆಲ ಕೊರೆದು ಸುರಂಗ ತೋಡಿದ್ದಾರೆ. ಅಂಥ ಕಡೆ ದುಡಿದವನಿಗೆ ಮುಂದೆಂದೋ ಕ್ಯಾನ್ಸರ್ ಬಂದರೆ, ಪರಿಹಾರ ಕೇಳಲು ಕೈಯಲ್ಲಿ ಏನಿರಬೇಕು? ವಿಕಿರಣದ ಲೆಕ್ಕ ಅನ್ನುತ್ತೇವೆ. ನನ್ನನ್ನು ಕೇಳಿದರೆ, ಅದಕ್ಕೂ ಮೊದಲು ಹಾಜರಿ ಪುಸ್ತಕ. ಕಾರ್ಮಿಕರ ಪರಿಹಾರ ಕಾನೂನಿನ ಪಟ್ಟಿಯಲ್ಲಿ ವಿಕಿರಣದ ರೋಗಗಳೂ ಇವೆ. ಅಂಥ ಕೆಲಸದಲ್ಲಿ ಸತತ ಆರು ತಿಂಗಳು ದುಡಿದಿದ್ದರೆ, ರೋಗ ಕೆಲಸದಿಂದಲೇ ಬಂತೆಂದು ಆ ಕಾನೂನು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು. ಆದರೆ ಗುತ್ತಿಗೆದಾರ ಬದಲಾದಾಗಲೆಲ್ಲ ಮಸ್ಟರ್ ರೋಲೂ ಮಾಯವಾದರೆ, ಆ ಆರು ತಿಂಗಳನ್ನು ಎಲ್ಲಿಂದ ತರೋದು?

ಅಮೆರಿಕದಲ್ಲಿ 1973ರಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಕೋಟಿಗೂ ಹೆಚ್ಚು ಸೇನಾ ಕಡತ ಸುಟ್ಟವು. ಅಣುಪರೀಕ್ಷೆಯಲ್ಲಿದ್ದ ಸೈನಿಕರಿಗೆ ಕೆಲವು ಕ್ಯಾನ್ಸರ್ ಬಂದರೆ ಡೋಸ್ ಲೆಕ್ಕ ಬೇಡವೆಂದು 1988ರ ಕಾನೂನು ಹೇಳಿತು. ಪರೀಕ್ಷೆಯಲ್ಲಿದ್ದೆ ಅನ್ನೋದು ಮಾತ್ರ ಗೊತ್ತಾಗಬೇಕು, ಅದಕ್ಕೆ ಅಂಥ ಕಡತವೇ ಆಸರೆ! ಬೀಡಿಯಿಂದಲೂ ಕ್ಯಾನ್ಸರ್ ಬರುತ್ತದಲ್ಲ, ನೆಲದಲ್ಲೇ ವಿಕಿರಣ ಇದೆಯಲ್ಲ ಅಂತೀರಾ? ನಿಜ. ಅದನ್ನು ಬೇರ್ಪಡಿಸಲೂ ಅಳತೆಯೇ ಬೇಕು. 2009ರಲ್ಲಿ ಕೈಗಾ ಅಣುಸ್ಥಾವರದ ಕುಡಿಯುವ ನೀರಿಗೆ ವಿಕಿರಣ ಸೂಸುವ ಟ್ರಿಟಿಯಂ ಬೆರೆತದ್ದು ಗೊತ್ತಾದದ್ದು ನೌಕರರ ಮೂತ್ರ ಪರೀಕ್ಷೆಯಿಂದ. ಕೆಲಸ ಬಿಡುವ ದಿನವೇ ಹಾಜರಿಯದೂ ಎದೆಯ ಬ್ಯಾಡ್ಜ್ ತೋರಿದ ವಿಕಿರಣದ ಅಳತೆಯದೂ ಮೊಹರು ಹಾಕಿದ ಪ್ರತಿ ಕಾರ್ಮಿಕನ ಕೈ ಸೇರಬೇಕು, ಗುತ್ತಿಗೆಯವನಾದರೂ ಸರಿ.