ಸಹಿ ಆಯ್ತು, ಸಾಹುಕಾರ ಆಗಲಿಲ್ಲ

ನಮ್ಮ ಬಾಗಳಿ ಸೀಮೆಯ ಹುಡುಗನ ಸ್ಟಾರ್ಟಪ್ ಯಾವುದೋ ಬಹುರಾಷ್ಟ್ರೀಯ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು ಅನ್ನಿ, ಹರಪನಹಳ್ಳಿಯ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ತೀರ್ಪು ಸಿದ್ಧ: ‘ಮುಗೀತು ಬಿಡ್ರಿ, ಇನ್ನ ಅವನನ್ನ ಹಿಡಿಯೋರಿಲ್ಲ. ಅಷ್ಟು ದೊಡ್ಡ ಕಂಪನಿ ಕೈ ಬಿಡ್ತದೇನ್ರಿ?’

ಬಿಡ್ತದ್ರಿ. ಮೋಸ ಮಾಡದೆಯೇ ಬಿಡ್ತದೆ.

ಔಷಧ ತಯಾರಿಸುವ ಬಯೋಕಾನ್ ಕಂಪನಿಯನ್ನೇ ನೋಡಿ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಗ್ಯಾರೇಜಿನಲ್ಲಿ 10 ಸಾವಿರ ರೂಪಾಯಿ ಹಾಕಿ ಶುರು ಮಾಡಿದಾಗ ಪಾಲುದಾರ ಐರ್ಲೆಂಡಿನ ಒಂದು ಕಂಪನಿ. ಪಪ್ಪಾಯಿ ಹಾಲಿನಿಂದ ಕಿಣ್ವ ತೆಗೆಯುವ ವ್ಯಾಪಾರ. 1989ರಲ್ಲಿ ಆ ಐರಿಷ್ ಕಂಪನಿಯನ್ನು ಯೂನಿಲಿವರ್ ಕೊಂಡಿತು. 1997ರಲ್ಲಿ ಯೂನಿಲಿವರ್ ಆ ಕಂಪನಿಯಿದ್ದ ವಿಭಾಗವನ್ನೇ ಐಸಿಐ ಎಂಬ ಕಂಪನಿಗೆ ಮಾರಿತು. ಇಲ್ಲಿ ಕುಳಿತವರು ಏನೂ ಮಾಡದೆಯೇ ಪಾಲುದಾರ ಎರಡು ಸಲ ಬದಲಾದ! ಕೊನೆಗೆ 1998ರಲ್ಲಿ ಐಸಿಐ ಕೈಯಲ್ಲಿದ್ದ ಪಾಲನ್ನು ಕೊಂಡು ಬಿಡಿಸಿಕೊಳ್ಳಬೇಕಾಯಿತು.

ಬೆಳೆದ ಮೇಲೂ ಅದೇ ಕಥೆ. 2010ರ ಅಕ್ಟೋಬರ್‌ನಲ್ಲಿ ಇನ್ಸುಲಿನ್ ಮಾರಾಟಕ್ಕೆ ಫೈಜರ್ ಜೊತೆ ಒಪ್ಪಂದ, ಮುಂಗಡವೇ 20 ಕೋಟಿ ಡಾಲರ್. 2012ರ ಮಾರ್ಚ್‌ನಲ್ಲಿ ಎರಡೂ ಕಡೆಯವರು ಆದ್ಯತೆ ಬೇರೆಯಾಯಿತೆಂದು ಕೈಕುಲುಕಿ ಎದ್ದರು. ಬಯೋಕಾನ್ ಬಳಿ ಇನ್ಸುಲಿನ್ನಿನ ಹಕ್ಕು ಉಳಿಯಿತು, ಮೈಲಾನ್ ಎಂಬ ಮತ್ತೊಂದು ಕಂಪನಿ ಸಿಕ್ಕಿತು. ಆ ಮೈಲಾನ್ ಕೂಡ 2020ರಲ್ಲಿ ಫೈಜರ್‌ನದೇ ಒಂದು ವಿಭಾಗದ ಜೊತೆ ಸೇರಿ ವಯಾಟ್ರಿಸ್ ಆಯಿತು. ಯಾರನ್ನು ನಂಬುತ್ತೀರಿ ಹೇಳಿ? ನಿಮಗೆ ಮಾತು ಕೊಟ್ಟ ಅಧಿಕಾರಿಗೆ ವರ್ಗಾವಣೆಯಾದರೂ ಸಾಕು, ಹೊಸಬನಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ.

ಉಳಿದ ನಂಬಿಕೆಗಳೂ ಇವೆ. ಎಂಒಯು, ಅಂದರೆ ಪರಸ್ಪರ ತಿಳಿವಳಿಕೆ ಪತ್ರ, ಆದರೆ ಆರ್ಡರ್ ಬಂದಂತೆ ಎನ್ನುತ್ತಾರೆ; ಬಹುತೇಕ ಎಂಒಯು ಯಾರನ್ನೂ ಕಟ್ಟಿಹಾಕುವುದಿಲ್ಲ. ದೊಡ್ಡವರ ಬಿಲ್ಲು ತಡವಾಗುವುದಿಲ್ಲವಂತೆ. ಹಾಗಿದ್ದರೆ ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಿ ಎಂದು 2006ರಲ್ಲಿ ಕಾನೂನೇಕೆ ಬೇಕಿತ್ತು? ‘ಎಲ್ಲ ಕಂಪನಿಯೂ ಕಳ್ಳ’ ಎನ್ನುವವರದು ಇನ್ನೊಂದು ಮೂಢನಂಬಿಕೆ, ಅದಕ್ಕೆ ಉತ್ತರ ಬೇಡ.

ಸೋಜಿಗವೆಂದರೆ ಇದೇ ಜನ ಕಂಪನಿಗೆ ಮಿಡಿಸೌತೆ ಬೆಳೆದುಕೊಡುವ ಒಪ್ಪಂದಕ್ಕೆ ಕೂತಾಗ ಎಷ್ಟು ಚುರುಕು! ಎಳೆಕಾಯಿಗೆ ರೇಟೆಷ್ಟು, ಒಂದು ದಿನ ಕೊಯ್ಲು ತಪ್ಪಿ ಕಾಯಿ ದಪ್ಪಗಾದರೆ ಯಾರ ಲುಕ್ಸಾನು, ತೂಕ ಹಾಕುವವರು ಯಾರು, ಎಲ್ಲ ಕೇಳುತ್ತಾರೆ. ಮಗನ ಕಂಪನಿ ವಿಷಯ ಬಂದಾಗ ಮಾತ್ರ ಶಾಲು ಹೊದ್ದು ಕೈಕುಲುಕುವ ಫೋಟೊ ಸಾಕು, ಸ್ಟೇಟಸ್‌ಗೆ ಹಾಕಿ ಕೂರುತ್ತಾರೆ. ಕಂಪನಿ ಎಷ್ಟು ದಿನದ ನೋಟಿಸ್ ಕೊಟ್ಟು ಹೊರನಡೆಯಬಹುದು ಎಂಬ ಪುಟವನ್ನು ಅಪ್ಪನೂ ಓದಿಲ್ಲ, ಮಗನೂ ಓದಿಲ್ಲ.